ಒಂಟಿ ಪ್ರೊಸೆಸರ್‌ಗೆ ಜೋಡಿ ಕಟ್ಟಿದ್ದು

ಪಿನ್ನು ಬಾಗಬಹುದು. ಪ್ರೊಸೆಸರ್ ಕೈಜಾರಿ ಬೀಳಬಹುದು. ಬಿದ್ದದ್ದನ್ನು ಹುಡುಕುವಾಗ ಬೋರೇಗೌಡರೇ ಅದನ್ನು ತುಳಿಯಬಹುದು. ಪೇಸ್ಟು ಹೆಚ್ಚಾಗಬಹುದು. ಕಡಿಮೆಯೂ ಆಗಬಹುದು. ಹೊಸತು ಹಳೆಯದರ ಜೊತೆ ಹೊಂದದೆ ಹೋಗಬಹುದು. ಹೊಂದಿಕೊಂಡು ಎರಡೂ ಒಟ್ಟಿಗೆ ಸುಟ್ಟುಹೋಗಬಹುದು. ನಟ್ಟನಡುವೆ ಕರೆಂಟು ಹೋಗಬಹುದು. ಹೋಗಿದೆಯಲ್ಲ ಎಂದು ಧೈರ್ಯವಾಗಿ ಕೈಹಾಕಿದಾಗ ಬರಬಹುದು. ಫ್ಯಾನು ತಿರುಗದಿರಬಹುದು. ಸ್ಕ್ರೂ ಒಂದು ಉಳಿದುಬಿಡಬಹುದು. ನನಗೆ ಸೀನು ಬರಬಹುದು. ಇಲಿ. ಪುಸ್ತಕಗಳೆಲ್ಲ ಅಳಿಸಿಹೋಗಬಹುದು. ನಾಗರತ್ನ ಬಂದು 'ಆಯ್ತಾ ಸಾರ್' ಎಂದು ಕೇಳಬಹುದು.

ಇಷ್ಟೂ ಒಂದು ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲಿದೆ. ಅಕ್ಷರ ನನ್ನದೇ. 'ಇಲಿ' ಎಂಬುದರ ಮುಂದೆ ಏನು ಬರೆಯಬೇಕೆಂದು ಹೊಳೆಯದೆ ಹಾಗೇ ಬಿಟ್ಟಿದ್ದೇನೆ, ಇಲಿ ಏನು ಬೇಕಾದರೂ ಮಾಡಬಹುದು ಎಂಬ ಅರ್ಥದಲ್ಲಿ. ಮೊನ್ನೆ ಆಫೀಸಿನ ಡ್ರಾಯರು ಖಾಲಿ ಮಾಡುವಾಗ ಸಿಕ್ಕಿತು. ಹಾಳೆಯೊಳಗೆ ಸುತ್ತಿಟ್ಟದ್ದು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಮೂಸಿ ನೋಡಿದೆ. ಯಾಕೆ ಮೂಸಿದೆ ಎಂದು ಕೇಳಬೇಡಿ; ಹಳೆಯ ವಸ್ತು ಸಿಕ್ಕಿದರೆ ಮೂಸುವುದು ನಮ್ಮ ಮನೆತನದಲ್ಲೇ ಇದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ, ಇದ್ದೂ ಇಲ್ಲದ ಹಾಗೆ, ಸ್ಪಿರಿಟ್ಟಿನ ವಾಸನೆ. ಐದು ವರ್ಷ ಹಿಂದಿನದು. ಐದು ನಿಮಿಷ ನಿಲ್ಲದ ಸ್ಪಿರಿಟ್ಟು ಐದು ವರ್ಷ ಹೇಗೆ ನಿಂತೀತು? ಈ ಇಡೀ ಸಂಗತಿಯಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಬಹಳ. ಅದರ ಸಾಲಿಗೆ ಇದೂ ಒಂದು.

ಮೊದಲು ಹಾಳೆಯ ವಿಷಯ ಹೇಳಿಬಿಡುತ್ತೇನೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ, ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರ್ ಇದೆ. ಬೆಳಿಗ್ಗೆ ಕಾಫಿ ಮುಗಿಸಿ ನಿನ್ನೆಯ ಹಾಳೆ ಕಿತ್ತು, ಅದರ ಬೆನ್ನ ಮೇಲೆ ಇವತ್ತು ಏನೇನು ಕೆಡಬಹುದೆಂದು ಬರೆಯುವುದು ನನ್ನ ರೂಢಿ. ಸಂಜೆ ಬಂದು, ಆಗದೇ ಉಳಿದದ್ದನ್ನು ಒಂದೊಂದಾಗಿ ಗೆರೆ ಎಳೆದು ಹೊಡೆದುಹಾಕುತ್ತೇನೆ. ಬರೆದಿಟ್ಟದ್ದು ಆಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಕೇಡಿಗೂ ಒಂದು ಸಂಕೋಚ ಇರುತ್ತದೆ; ಬಾಗಿಲಲ್ಲೇ ಹೆಸರು ಹಿಡಿದು ಕರೆದರೆ ನಾಚಿ ಹಿಂದಿರುಗುತ್ತದೆ. ನನ್ನ ಹೆಂಡತಿ ಶಾರದೆಗೆ ಸಿದ್ಧಾಂತದ ಬಗ್ಗೆ ತಕರಾರಿಲ್ಲ, ಹಾಳೆಯ ಬಗ್ಗೆ ಇದೆ. ಅದೇ ಹಾಳೆಯ ಬೆನ್ನ ಮೇಲೆ ಅವಳು ಸಾಮಾನಿನ ಪಟ್ಟಿ ಬರೆಯಬೇಕು. ಒಂದು ಸಲ ಎರಡೂ ಅದಲುಬದಲಾಯಿತು. ಅಂಗಡಿಯವರು ಕನ್ನಡಕ ಏರಿಸಿಕೊಂಡು, 'ಗ್ಯಾಸ್ ಸೋರಬಹುದು, ಟ್ಯಾಂಕು ಒಡೆಯಬಹುದು, ಎದೆ ನೋಯಬಹುದು' ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ, "ಇದ್ರಲ್ಲಿ ಯಾವ್ದು ಎಷ್ಟು ಕೇಜಿ ಸಾರ್?" ಎಂದರು.

"ನೀವು ಬರೀದೇ ಬಿಟ್ಟಿದ್ದೇ ಕಣ್ರೀ ಆಗೋದು," ಎನ್ನುತ್ತಾಳೆ ಶಾರದೆ. "ಅದನ್ನ ಬರೀರಿ ಮೊದ್ಲು."

ಅದನ್ನು ಬರೆಯುವುದು ಹೇಗೆಂದು ಮದುವೆಯಾದ ಲಾಗಾಯ್ತು ಯೋಚಿಸುತ್ತಿದ್ದೇನೆ.

ಇನ್ನು ಮುಚ್ಚಳ. ಯಾದವಗಿರಿಯ ಒಂದು ಬಂಗಲೆಯ ಹಿಂದಿನ ಕಾರ್ ಶೆಡ್ಡು ನಮ್ಮ ಆಫೀಸು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಕೇಳುವ ಪುಸ್ತಕಗಳನ್ನಾಗಿ ಮಾಡಿಕೊಡುವುದು ಕೆಲಸ. ಆಫೀಸು ಎಂದರೆ ನಾನು, ಒಂದು ಸ್ಕ್ಯಾನರು, ಮತ್ತು ಮೇಜಿನ ಕೆಳಗೆ ಟ್ರಂಕಿನ ಹಾಗೆ ಕೂತಿದ್ದ ಒಂದು ಸರ್ವರ್. ಯಾರೋ ಬಳಸಿ, ಹಳತಾಯಿತೆಂದು ನಮಗೆ ದಾನ ಕೊಟ್ಟದ್ದು. ನಾನು ಪುಟಗಳನ್ನು ಸ್ಕ್ಯಾನ್ ಮಾಡಿ ಅದಕ್ಕೆ ಉಣಿಸಬೇಕು. ಅದು ಅಕ್ಷರಗಳನ್ನು ಗುರುತಿಸಿ, ಒಂದು ಹೆಣ್ಣುದನಿಯಲ್ಲಿ ಓದಿ ಇಡಬೇಕು. ಒಂದು ಪುಸ್ತಕಕ್ಕೆ ಎರಡು ದಿನ. ಕೆಲಸ ಮಾಡುವಾಗ ಅದರ ಸದ್ದು, ಅಕ್ಕಿ ಮುಗಿದ ಮೇಲೂ ಬರೀ ಕಲ್ಲು ತಿರುಗುತ್ತಿರುವ ಗ್ರೈಂಡರಿನದು. ಪ್ರತಿ ಪುಸ್ತಕದ ಮೊದಲಿಗೂ ಆ ದನಿ ಪುಸ್ತಕದ ಹೆಸರು, ಪುಟಗಳೆಷ್ಟು, ಸಿದ್ಧವಾದ ದಿನ ಯಾವುದು ಎಂದು ಹೇಳಿ, ಒಂದು ಉಸಿರು ತೆಗೆದುಕೊಂಡ ಹಾಗೆ ಮಾಡಿ, ಪಾಠ ಶುರುಮಾಡುತ್ತಿತ್ತು. ಉಸಿರಿನ ಅಗತ್ಯ ಅದಕ್ಕೇನಿತ್ತೋ. ವೈರಸ್ಸು ಬರಬಹುದೆಂಬ ಹೆದರಿಕೆಯಿಂದ ನಾನು ಇಂಟರ್‌ನೆಟ್ಟಿನ ತಂತಿಯನ್ನು ಅದಕ್ಕೆ ಸಿಕ್ಕಿಸಿರಲೇ ಇಲ್ಲ. ಹೊರಗಿನ ಲೋಕದ ಸುದ್ದಿಯೇ ಇಲ್ಲದೆ, ತಪಸ್ಸಿಗೆ ಕೂತವರ ಹಾಗೆ, ತನ್ನ ಪಾಡಿಗೆ ತಾನು ಓದುತ್ತಿತ್ತು.

ಹೀಗಿರುವಾಗ ನಾಗರತ್ನ ಬಂದಳು. ಬಿ.ಎ. ಕೊನೆಯ ವರ್ಷ, ಚರಿತ್ರೆ. ಬಸ್ಸಿಳಿದು, ಬಿಳಿ ಕೋಲು ಆಡಿಸಿಕೊಂಡು, ಗೇಟಿನಿಂದ ಶೆಡ್ಡಿನವರೆಗೆ ನನಗಿಂತ ಸಲೀಸಾಗಿ ಬರುವ ಹುಡುಗಿ. (ಆ ಹಾದಿಯ ಮೂರನೆಯ ಕಲ್ಲಿಗೆ ನಾನು ಈಗಲೂ ಎಡವುತ್ತೇನೆ.) ಅವಳನ್ನು ಕಂಡರೆ ನನಗೆ ತಪ್ಪಿತಸ್ಥನ ಸಂಕಟ. ಅದಕ್ಕೆ ಹಿಂದಿನ ವರ್ಷದ ಕಾರಣವಿತ್ತು. ಅವಳ ಎರಡು ಪುಸ್ತಕಗಳು ತಯಾರಾಗುತ್ತಿದ್ದಾಗ ನನಗೆ ಸುಟ್ಟ ವಾಸನೆ ಬಂದಂತಾಗಿ ಸರ್ವರನ್ನು ನಿಲ್ಲಿಸಿಬಿಟ್ಟಿದ್ದೆ. ನಾಲ್ಕು ದಿನ ಮೂಸಿ ಮೂಸಿ ನೋಡಿದ ಮೇಲೆ ಗೊತ್ತಾಯಿತು, ಪಕ್ಕದ ಮನೆಯವರು ದಿನಾ ಬೆಳಿಗ್ಗೆ ತರಗೆಲೆಗೆ ಬೆಂಕಿ ಹಾಕುತ್ತಿದ್ದರು. ಪುಸ್ತಕಗಳು ನಾಗರತ್ನನ ಕೈ ಸೇರಿದ್ದು ಪರೀಕ್ಷೆ ಮುಗಿದ ಮೇಲೆ. ಆ ಎರಡೂ ವಿಷಯ ಹೋಯಿತು. ಒಂದು ವರ್ಷವೂ ಹೋಯಿತು.

"ಹನ್ನೊಂದು ಪುಸ್ತಕ ಸಾರ್. ಸಿಲಬಸ್ಸೇ ಬದಲಾಯ್ಸ್‌ಬುಟ್ಟವ್ರೆ. ಪರೀಕ್ಷೆಗೆ ಹದಿನೆಂಟ್ ದಿನ. ಆಗತ್ತಾ?"

"ನೋಡೋಣಮ್ಮ."

"ನೋಡೋದು ನೀವೇ, ನನ್ ಕೈಲಂತೂ ಆಗಲ್ಲ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ ಸಾರ್, ನಾನು ಹಾಲ್‌ಗೇ ಹೋಗಲ್ಲ. ಹೋದ್ ಸಲ ಎರಡ್ ಪೇಪರ್‌ಗೂ ಬರ್ಕೊಡೋ ಹುಡುಗಿ ಪೆನ್ನು ಹಿಡ್ಕೊಂಡು 'ಹೇಳಿ ಅಕ್ಕಾ, ಹೇಳಿ ಅಕ್ಕಾ' ಅಂತಿದ್ಲು. ನಾನ್ ಏನ್ ಹೇಳ್ಲಿ? ಮೂರ್ ಗಂಟೆ ಇಬ್ರೂ ಸುಮ್ನೆ ಕೂತಿದ್ವಿ. ಇನ್ನೊಂದ್ ಸಲ ಹಂಗೆ ಕೂರೋಕೆ ನನ್ಗಾಗಲ್ಲ. ಕಾಲೇಜ್ ಬಿಟ್ಬುಡ್ತೀನಿ."

"ಆಗತ್ತೆ ಕಣಮ್ಮ," ಎಂದುಬಿಟ್ಟೆ. ಯಾರು ನನ್ನ ಬಾಯಿಂದ ಹಾಗೆ ಹೇಳಿಸಿದರೋ. ಅವಳು ಹೋದ ಮೇಲೆ ಗುಣಿಸಿ ನೋಡಿದೆ. ಹನ್ನೊಂದೆರಡಲಿ ಇಪ್ಪತ್ತೆರಡು. ಇನ್ನೊಮ್ಮೆ ಗುಣಿಸಿದೆ. ಕೇಳುವುದಕ್ಕೂ ಅವಳಿಗೆ ದಿನಗಳು ಬೇಕು.

ಕೆಸರೆಯಲ್ಲಿ ಬೋರೇಗೌಡರ ಅಂಗಡಿ. ಬೋರ್ಡಿನಲ್ಲಿ 'ಮಿಕ್ಸಿ, ಗ್ರೈಂಡರ್, ಕಂಪ್ಯೂಟರ್' ಎಂದು ಹೆಚ್ಚು ಕೆಡುವ ಕ್ರಮದಲ್ಲಿ ಬರೆದಿತ್ತು. ಐವತ್ತು ದಾಟಿದ ಮನುಷ್ಯ, ಹೆಗಲಲ್ಲಿ ಟವೆಲು. ನಮ್ಮ ಸರ್ವರಿನ ಧೂಳು ಹೊಡೆಯಲು ವರ್ಷಕ್ಕೊಮ್ಮೆ ಬರುತ್ತಿದ್ದರು. ನನ್ನ ಗೋಳು ಕೇಳಿ ಶೆಡ್ಡಿಗೆ ಬಂದು, ಸರ್ವರಿನ ಪಕ್ಕೆಯ ತಗಡು ಬಿಚ್ಚಿ, ಒಳಗೆ ಟಾರ್ಚು ಬಿಟ್ಟರು. ಒಂದು ಕಡೆ ದೊಡ್ಡ ಫ್ಯಾನು ಹೊತ್ತ ಪ್ರೊಸೆಸರ್. ಅದರ ಪಕ್ಕ, ಅಷ್ಟೇ ಅಗಲದ ಖಾಲಿ ಜಾಗದ ಮೇಲೆ, ಈ ಕಪ್ಪು ಮುಚ್ಚಳ.

"ಇದೇನ್ ಗೊತ್ತಾ ಸಾ? ಇನ್ನೊಂದ್ ಎತ್ತಿನ ಜಾಗ. ಖಾಲಿ ಬುಟ್ಟವ್ರೆ. ಎಲ್ಡೆತ್ತಿನ ಗಾಡೀನ ಇಷ್ಟ್ ದಿನ ಒಂದೇ ಎತ್ತಲ್ಲಿ ಎಳ್ಸಿದೀರಿ. ಪಾಪ ಅದು ಏನೂ ಅಂದಿಲ್ಲ."

"ಹಾಗಾದರೆ ಇನ್ನೊಂದು ತಂದು ಹಾಕಿಬಿಡಿ," ಎಂದೆ, ಬಲ್ಬು ಹಾಕಿಸುವವನ ಹಾಗೆ.

"ತರೋದು ದೊಡ್ದಲ್ಲ ಕಣ್ರೀ. ಜತೆ ಆಗ್ಬೇಕಲ್ಲ."

ಬೋರೇಗೌಡರ ತಂದೆ ಅವರ ಸೀಮೆಯಲ್ಲಿ ಜೋಡಿ ನೋಡುವವರು. ಗಂಡು ಹೆಣ್ಣಿನ ಜೋಡಿಯಲ್ಲ, ಎತ್ತಿನ ಜೋಡಿ. ಯಾರದಾದರೂ ಜೊತೆಯಲ್ಲಿ ಒಂದು ಎತ್ತು ಸತ್ತು ಇನ್ನೊಂದು ಒಂಟಿಯಾಯಿತೆಂದರೆ ಅವರಿಗೆ ಕರೆ ಹೋಗುತ್ತಿತ್ತು. ಅವರು ಉಳಿದ ಎತ್ತಿನ ಎತ್ತರ, ಕೊಂಬು, ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಮೈಮೇಲಿನ ಕೂದಲ ಸುಳಿಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿ, ಆಮೇಲೆ ಅದಕ್ಕೆ ಸರಿಸಮನಾದದ್ದನ್ನು ಹುಡುಕಿ ಊರೂರು ಅಲೆಯುತ್ತಿದ್ದರಂತೆ. ಮಗ ಎತ್ತು ಬಿಟ್ಟು ಗ್ರೈಂಡರ್ ಹಿಡಿದರೂ ಸುಳಿ ಬಿಟ್ಟಿರಲಿಲ್ಲ. ಹಳೆಯ ಪ್ರೊಸೆಸರನ್ನು ಹೊರತೆಗೆದು, ಅದರ ಬೆನ್ನಿಗೆ ವಿಭೂತಿಯಂತೆ ಒಣಗಿ ಅಂಟಿದ್ದ, ಬಿಸಿಯನ್ನು ಫ್ಯಾನಿನ ಕಡೆ ದಾಟಿಸುವ ಪೇಸ್ಟನ್ನು ಸ್ಪಿರಿಟ್ಟು ಅದ್ದಿದ ಹತ್ತಿಯಿಂದ ಒರೆಸಿದರು. ಶೆಡ್ಡೆಲ್ಲ ಆಸ್ಪತ್ರೆಯ ವಾಸನೆ. ನನಗೆ ಆಗಲೇ ಅರ್ಧ ಜೀವ. ಒರೆಸಿದ ಮೇಲೆ ಲೋಹದ ಮೇಲೆ ಇರುವೆಸಾಲಿನಂಥ ಅಕ್ಷರಗಳು ಕಂಡವು. ನನ್ನ ಓದುವ ಕನ್ನಡಕ ಇಸಿದುಕೊಂಡು ಅಷ್ಟನ್ನೂ ಬರೆದುಕೊಂಡರು. ಮತ್ತೆ ಅದನ್ನು ಕೂರಿಸಿ, "ನಾನ್ ಬರಗಂಟ ಓದ್ತಾ ಇರ್ಲಿ ಅದು," ಎಂದು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಒಂದನ್ನು ತಂದರು. ಹೆಸರು ಅದೇ. ಬಣ್ಣ ಅದೇ. ನಾನು ಕೈಮುಗಿದೆ. ಅವರು ಕನ್ನಡಕ ಹಾಕಿಕೊಂಡು ಚೀಟಿಯ ಜೊತೆ ಹೋಲಿಸಿ ತಲೆಯಾಡಿಸಿದರು. "ಹೆಸ್ರು ಒಂದೇ. ಸುಳಿ ಬ್ಯಾರೆ. ಬ್ಯಾಡ."

ಮಧ್ಯಾಹ್ನ ಇನ್ನೊಂದು. ಅದು ಹಳೆಯದಕ್ಕಿಂತ ಚುರುಕಿನದಂತೆ. "ಒಳ್ಳೇದೇ ಅಲ್ವೇನ್ರೀ?" ಎಂದೆ ಆಸೆಯಿಂದ.

"ಒಂದು ಓಡ್ತದೆ, ಒಂದು ನಡೀತದೆ. ಗಾಡಿ ಎಲ್ಲಿಗ್ ಓಯ್ತದೆ ಯೋಳಿ?"

ಮೂರನೆಯದು ಸಿಕ್ಕಿದ್ದು ಅದರ ಮರುದಿನ, ಯಾವುದೋ ಗುಜರಿಯಲ್ಲಿ ಕೆಟ್ಟು ಮಲಗಿದ್ದ ಇನ್ನೊಂದು ಸರ್ವರಿನ ಹೊಟ್ಟೆಯೊಳಗೆ. ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಅದೇ. ಚೀಟಿಯನ್ನೂ ಅದನ್ನೂ ನಾನು ಏಳು ಸಲ ಹೋಲಿಸಿದೆ. ಎಂಟನೆಯ ಸಲಕ್ಕೆ ಬೋರೇಗೌಡರು ನನ್ನ ಮೂಗಿನಿಂದ ಕನ್ನಡಕ ಕಿತ್ತುಕೊಂಡರು. ಆ ಎರಡು ದಿನದಲ್ಲಿ ಒಂಟಿ ಎತ್ತು ಮೊದಲನೆಯ ಪುಸ್ತಕವನ್ನು ಮುಗಿಸಿತ್ತು. ನಾಗರತ್ನ ಬಂದು ಒಯ್ದಳು. ಉಳಿದದ್ದು ಹತ್ತು.

ಜೋಡಿ ಕಟ್ಟುವ ದಿನ ಬೆಳಿಗ್ಗೆ ನಾನು ಬರೆದದ್ದು, ಮೇಲೆ ನೀವು ಓದಿದ ಪಟ್ಟಿ. ರಾಹುಕಾಲ ಕಳೆಯಲೆಂದು ಬೋರೇಗೌಡರು ಒಂದೂವರೆ ಗಂಟೆ ಕಟ್ಟೆಯ ಮೇಲೆ ಕೂತರು. ನನಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ. ಆದರೆ ನಂಬಿಕೆಯಿಲ್ಲದವರ ಮೇಲೆ ಅದಕ್ಕೆ ಸಿಟ್ಟು ಜಾಸ್ತಿ ಇರಬಹುದೆಂದು ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಅವರು ಹೆಗಲಿನ ಟವೆಲನ್ನು ನನ್ನ ಮೂಗಿಗೆ ಕಟ್ಟಿದರು. "ನೀವ್ ಸೀನ್ತೀರಿ ಅಂತ ನಿಮ್ಗಿಂತ ಮೊದ್ಲು ನಂಗೊತ್ತು."

ಅವರು ಎರಡು ಬೆರಳಲ್ಲಿ ಚಿವುಟಿದ ಹಾಗೆ ಮಾಡಿದರು. ಟಪ್ ಎಂದು ಮುಚ್ಚಳ ಎದ್ದು ಬಂತು. ಕೆಳಗೆ ನೂರಾರು ಚಿನ್ನದ ಬಣ್ಣದ ಪಿನ್ನುಗಳು, ಭತ್ತದ ಸಸಿಮಡಿಯ ಹಾಗೆ. ಗಾಳಿ ಬೀಸಿದರೆ ಬಾಗುತ್ತವೇನೋ ಎಂದು ನಾನು ಉಸಿರು ಹಿಡಿದೆ. "ಇದನ್ನ ಎಸೀಬ್ಯಾಡಿ ಸಾ. ಎತ್ತು ಮತ್ತೆ ಒಂಟಿ ಆದ್ರೆ ಬೇಕಾಯ್ತದೆ," ಎಂದು ಮುಚ್ಚಳ ನನ್ನ ಕೈಗೆ ಕೊಟ್ಟರು. ಅವರದು ಸ್ಪಿರಿಟ್ಟು ಹತ್ತಿದ ಕೈ. ಜೇಬಿನಲ್ಲಿದ್ದ ಪಟ್ಟಿಯಲ್ಲೇ ಸುತ್ತಿ ಇಟ್ಟುಕೊಂಡೆ. ಹೊಸ ಪ್ರೊಸೆಸರನ್ನು ಅವರು ಇಳಿಸಿದ ರೀತಿ ಇನ್ನೂ ಕಣ್ಣಲ್ಲಿದೆ. ಒತ್ತಲಿಲ್ಲ, ನೂಕಲಿಲ್ಲ, ನಾಲ್ಕು ಮೂಲೆ ಸರಿಮಾಡಿ ಸುಮ್ಮನೆ ಬಿಟ್ಟರು. ಅದು ತಾನೇ ಕೂತಿತು.

ಅವರ ತಂದೆಯದು ಇನ್ನೊಂದು ಪದ್ಧತಿಯಿತ್ತು. ಹೊಸ ಎತ್ತು ಹಟ್ಟಿಗೆ ಬಂದ ದಿನ ಹಳೆಯದರ ಹಗ್ಗ, ಮೂಗುದಾರ, ಗಂಟೆ ಎಲ್ಲ ಬಿಚ್ಚಿಹಾಕಿ, ಎರಡಕ್ಕೂ ಹೊಸತೇ ಕಟ್ಟಬೇಕು. "ಇಲ್ದಿದ್ರೆ ಅಳೇದು ನಾನ್ ಯಜಮಾನ ಅಂತದೆ, ಒಸದು ನೆಂಟ ಅಂಗೆ ನಿಂತ್ಕತದೆ." ಅದರಂತೆ ಹಳೆಯ ಪ್ರೊಸೆಸರಿಗೂ ಹೊಸ ಪೇಸ್ಟು, ಎರಡಕ್ಕೂ ಹೊಸ ಫ್ಯಾನು. ಕೊನೆಗೆ ಬೋರ್ಡಿನ ಮೂಲೆಯಲ್ಲಿ ಎಂಟಾ​ಣೆಯಷ್ಟಗಲದ ಒಂದು ಬ್ಯಾಟರಿ ಕಂಡಿತು. "ಇದೊಂದ್ ಅಳೇ ಗಂಟೆ," ಎಂದು ಅದನ್ನೂ ಕಿತ್ತು ಹೊಸದು ಹಾಕಿದರು. ನಾನು ಮನಃಪೂರ್ವಕ ಒಪ್ಪಿದೆ. ಬ್ಯಾಟರಿ ಸೋರಬಹುದೆಂದು ಬೇರೊಂದು ದಿನದ ಹಾಳೆಯಲ್ಲಿ ಬರೆದದ್ದು ನೆನಪಿತ್ತು.

ಸ್ವಿಚ್ಚು ಒತ್ತಿದರು. ಎರಡು ಫ್ಯಾನುಗಳೂ ಒಟ್ಟಿಗೆ ಅರಚಿ, ಆಮೇಲೆ ತಗ್ಗಿ, ಹದಕ್ಕೆ ಬಂದವು. ಪರದೆಯ ಮೇಲೆ ಇಂಗ್ಲಿಷು ಸಾಲುಸಾಲಾಗಿ ಹರಿಯಿತು. ಒಂದು ಕಡೆ ನಿಂತಿತು.

"ಏನೋ ಕೇಳ್ತಾ ಅದೆ ನೋಡಿ ಸಾ. ಓದಿ, ಮುಂದಕ್ಕೆ ಬುಡಿ."

ತಲೆನೋವಿನ ಮಾತ್ರೆಯ ಜೊತೆ ಬರುವ ಕಾಗದವನ್ನು ಎರಡೂ ಬದಿ ಓದಿ, ಕೊನೆಗೆ ಮಾತ್ರೆಯನ್ನೇ ನುಂಗದೆ ಬಿಟ್ಟವನು ನಾನು. ಆದರೆ ಆ ಹೊತ್ತಿಗೆ ಸಾಲಿನ ಮೇಲೆಲ್ಲೋ 'ಪ್ರೊಸೆಸರ್ ಎರಡು' ಎಂಬುದು ಕಣ್ಣಿಗೆ ಬಿದ್ದಿತ್ತು. ಟವೆಲೊಳಗೇ ನಗುತ್ತಿದ್ದೆ. ಮುಂದುವರಿಯಲು ಯಾವ ಗುಂಡಿ ಒತ್ತಬೇಕೆಂಬುದಷ್ಟನ್ನು ನೋಡಿ, ಒತ್ತಿದೆ.

ನನ್ನ ಆತುರಕ್ಕೆ ಎರಡು ಪುಸ್ತಕ ತಕ್ಷಣ ಹೊರಿಸಬೇಕು. ಬೋರೇಗೌಡರು ಅಡ್ಡ ನಿಂತರು. "ಇವತ್ತು ಬರೀ ನೊಗ. ಒಟ್ಗೆ ನಡೀಲಿ. ಒರೆ ನಾಳೆ."

"ಪರೀಕ್ಷೆ ಇದೆ ಕಣ್ರೀ!"

"ಪರೀಕ್ಷೆ ಆ ಮಗೀಗೆ, ಎತ್ತಿಗಲ್ಲ."

ಒಂದು ದಿನ ಹೋಯಿತು. ಮರುದಿನ ಎರಡು ಪುಸ್ತಕ ಒಟ್ಟಿಗೆ ಕೊಟ್ಟೆ. ಸಂಜೆ ನೋಡಿದರೆ, ಹೇಗೆ ಹೇಳಲಿ, ಎರಡು ಸೇರಿ ಮೊದಲು ಒಂದು ಮಾಡುತ್ತಿದ್ದಷ್ಟೂ ಮಾಡಿರಲಿಲ್ಲ. ಜೋಡಿಯಾದ ಮೇಲೆ ನಿಧಾನವಾಗುವುದು ಮನುಷ್ಯರಲ್ಲಿ ಕೇಳಿ ಬಲ್ಲೆ. ಯಂತ್ರಕ್ಕೆ ಏನು ಬಂತು? ನಾಗರತ್ನನಿಗೆ ಹೇಳಿದ 'ಆಗತ್ತೆ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. (ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಆದರೂ ಹೀಗೇ ಇರಬೇಕು.) ಫೋನು ಮಾಡಿದೆ. ಬೋರೇಗೌಡರು ಬೆಳಿಗ್ಗೆಯೇ ಬಂದರು, ತಗಡು ಬಿಚ್ಚಿದರು, ಹಣೆ ಚಚ್ಚಿಕೊಂಡರು.

"ನಮ್ಮಪ್ಪ ಇದ್ದಿದ್ರೆ ಬಾರ್‌ಕೋಲ್ ತಗತಿದ್ದ. ಒಸ ಎತ್ತಿಗೆ ಉಲ್ಲೇ ಆಕಿಲ್ಲ!"

ನನಗೆ ತಿಳಿದಷ್ಟು ಇಷ್ಟು. ಪ್ರೊಸೆಸರಿನ ಪಕ್ಕದಲ್ಲಿ ರ‍್ಯಾಮ್ ಎಂಬ ಹಸಿರು ಪಟ್ಟಿಗಳಿರುತ್ತವೆ. ಅದು ಮೇಯುವ ಗೋದಲಿ ಎಂದರು ಗೌಡರು. ಇದ್ದ ಎಂಟೂ ಪಟ್ಟಿ ಹಳೆಯದರ ಪಕ್ಕದಲ್ಲೇ ಇದ್ದವು. ಹೊಸದು ಪ್ರತಿ ತುತ್ತಿಗೂ ಹಳೆಯದರ ಗೋದಲಿಗೆ ಕತ್ತು ಚಾಚಬೇಕಾಗಿತ್ತು, ಎರಡಕ್ಕೂ ನೆಮ್ಮದಿಯಿಲ್ಲ. ಅವರು ನಾಲ್ಕು ಪಟ್ಟಿ ಕಿತ್ತು ಹೊಸದರ ಮಗ್ಗುಲಿಗೆ ಸಿಕ್ಕಿಸಲು ಹೊರಟರು.

"ತಡೀರಿ. ಹಳೇದರ ಅರ್ಧ ಊಟ ಕಿತ್ತುಕೊಂಡರೆ ಅದು ಇನ್ನೂ ನಿಧಾನ ಆಗಲ್ವಾ?"

"ಅಂಚ್ಕೊಂಡ್ ತಿಂದ್ರೇ ಸಾ ಜತೆ."

ಒಂದರಿಂದ ಅರ್ಧ ಕಿತ್ತು ಇನ್ನೊಂದಕ್ಕೆ ಕೊಟ್ಟರೆ ಎರಡೂ ಹೇಗೆ ಚುರುಕಾದವು? ನನಗೆ ಈಗಲೂ ಗೊತ್ತಿಲ್ಲ. ಬೋರೇಗೌಡರು ಮೂರು ಸಲ ವಿವರಿಸಿದರು. ಮೂರು ಸಲವೂ ಅರ್ಥವಾದ ಹಾಗೆ ತಲೆದೂಗಿದೆ. ಆದರೆ ಆದದ್ದು ನಿಜ. ಸದ್ದೇ ಬೇರೆಯಾಯಿತು. ಕಲ್ಲಿಗೆ ಅಕ್ಕಿ ಸಿಕ್ಕಿದ ಸದ್ದು.

ಅಲ್ಲಿಂದ ಎರಡು ದಿನಕ್ಕೆ ಎರಡು ಪುಸ್ತಕ, ತಪ್ಪದೆ. ನಾಗರತ್ನ ದಿನ ಬಿಟ್ಟು ದಿನ ಬಂದು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದಳು. ಮೊದಲ ಜೊತೆ ಒಯ್ದು ಮರಳಿ ಬಂದ ದಿನ ಬಾಗಿಲಲ್ಲೇ ನಿಂತು, "ಸಾರ್, ಇವು ಈಗ್ ಮಾಡಿದ್ದೇ ತಾನೆ?" ಎಂದಳು.

ನನ್ನ ಕೈ ಆಗಲೇ ಸ್ವಿಚ್ಚಿನ ಮೇಲೆ. "ಯಾಕಮ್ಮ? ಏನಾಯ್ತು? ನಿಲ್ಲಿಸ್ಲಾ?"

ಅವಳು ಒಂದು ಕ್ಷಣ ಕೋಲಿನ ತುದಿಯಿಂದ ನೆಲ ಕುಟ್ಟಿದಳು. "ಏನಿಲ್ಲ ಬುಡಿ ಸಾರ್. ಚೆನ್ನಾಗೇ ಓದ್ತಾಳೆ. ನಿಲ್ಲಿಸ್ಬೇಡಿ."

ಹನ್ನೊಂದನೆಯ, ಕೊನೆಯ ಪುಸ್ತಕ ಅವಳ ಕೈ ಸೇರಿದಾಗ ಪರೀಕ್ಷೆಗೆ ಇನ್ನೂ ಮೂರು ದಿನವಿತ್ತು. ಆ ಸಂಜೆ ಮುಚ್ಚಳದ ಸುತ್ತಲಿನ ಹಾಳೆ ಬಿಡಿಸಿ, ಪಟ್ಟಿಯ ಒಂದೊಂದು ಸಾಲನ್ನೂ ಹೊಡೆದುಹಾಕಿದೆ. ಪಿನ್ನು ಬಾಗಿರಲಿಲ್ಲ. ಕರೆಂಟು ಹೋಗಿರಲಿಲ್ಲ. ನಾನು ಸೀನಿರಲಿಲ್ಲ. ಇಲಿಯೂ ಸಹಕರಿಸಿತ್ತು. 'ಆಯ್ತಾ ಸಾರ್' ಎಂದು ನಾಗರತ್ನ ಕೇಳಿದ್ದು ನಿಜ, ಆದರೆ 'ಆಯ್ತಮ್ಮ' ಎನ್ನಲು ಬಾಯಿ ಬಂದಿತ್ತು. ಆ ಸಾಲನ್ನೂ ಹೊಡೆದೆ. ಮತ್ತೆ ಮುಚ್ಚಳಕ್ಕೇ ಸುತ್ತಿ ಡ್ರಾಯರಿಗೆ ಹಾಕುವ ಮೊದಲು, ಮನೆಗೆ ಒಯ್ದು ಶಾರದೆಗೆ ಹೆಮ್ಮೆಯಿಂದ ತೋರಿಸಿದೆ.

"ಎಲ್ಲಾ ಹೊಡ್ದಾಯ್ತಾ?" ಎಂದಳು, ಹಾಳೆಯನ್ನು ತಿರುಗಿಸಿ ನೋಡಿ. "ಹಾಗಾದ್ರೆ ಏನೋ ಒಂದು ಬಿಟ್ಟಿದೀರಿ."

ಫಲಿತಾಂಶ ಬಂದ ದಿನ ನಾಗರತ್ನನ ಫೋನು. ಪಾಸು. ಎಲ್ಲ ವಿಷಯ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ಆ ಕಡೆಯಿಂದ ನಗು.

"ಸಾರ್, ಈಗ್ ಹೇಳ್ಬೋದಲ್ವಾ? ನಿಮ್ ಮಿಷನ್ನು ಸುಳ್ಳು ಹೇಳತ್ತೆ ಸಾರ್. ಮೊದಲ್ನೇ ಪುಸ್ತಕದಲ್ಲಿ ತಾರೀಖು ಸರಿಯಾಗೇ ಹೇಳ್ತು. ಆಮೇಲಿನ್ ಹತ್ತರಲ್ಲೂ, ಹದಿನಾಲ್ಕ್ ವರ್ಷ ಹಿಂದಿನ ಜನವರೀಲಿ ರೆಡಿ ಆಯ್ತು ಅಂತಾಳೆ. ಹಿಸ್ಟರಿ ಸ್ಟೂಡೆಂಟ್ ನಾನು. ಇಸ್ವಿ ತಪ್ಪಿದ್ರೆ ಮಾರ್ಕ್ಸ್ ಕಟ್."

ಆಗ ಹೊಳೆಯಿತು. ಹಳೆಯ ಗಂಟೆ. ಆ ಪುಟ್ಟ ಬ್ಯಾಟರಿಯ ಕೆಲಸ ಇದ್ದದ್ದೇ ಸರ್ವರಿನ ಗಡಿಯಾರ ನಡೆಸುವುದು. ಅದನ್ನು ಕಿತ್ತ ಕ್ಷಣ ಗಡಿಯಾರ ತನ್ನ ಹುಟ್ಟಿದ ವರ್ಷದ ಮೊದಲ ದಿನಕ್ಕೆ ಹಿಂದಿರುಗಿತ್ತು. ಸ್ವಿಚ್ಚು ಹಾಕಿದಾಗ ಪರದೆಯ ಮೇಲೆ ನಿಂತು ಅದು ಕೇಳಿದ್ದು ಇಷ್ಟೇ: ಇವತ್ತು ಯಾವ ದಿನ? ಮುಂದುವರಿ ಎಂದು ಒತ್ತಿದವನು ನಾನು, ಮನೆಯಲ್ಲಿ ದಿನಕ್ಕೊಂದು ಹಾಳೆ ತಪ್ಪದೆ ಕೀಳುವವನು. ಇಂಟರ್‌ನೆಟ್ಟಿನ ತಂತಿ ಇದ್ದಿದ್ದರೆ ಹೊರಗಿನವರನ್ನು ಕೇಳಿಯಾದರೂ ಅದು ತಿದ್ದಿಕೊಳ್ಳುತ್ತಿತ್ತು. ಅದನ್ನೂ ಕಿತ್ತಿಟ್ಟವನು ನಾನೇ.

"ಮತ್ತೆ ಆಗಲೇ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮಿಷನ್ ನಿಲ್ಲಿಸ್ಬುಟ್ಟು ಮೂಸ್ಕೊಂಡ್ ಕೂತ್ಕೊತಿದ್ರಿ ಸಾರ್."

ಫೋನಿಟ್ಟು ಸರ್ವರಿನ ಮುಂದೆ ಕೂತೆ. ಗಡಿಯಾರ ತಿದ್ದಿದೆ. ಪರೀಕ್ಷೆಯ ಮೇಲೆ ರಜೆ, ಬೇರೆ ಪುಸ್ತಕ ಮಾಡಿರಲಿಲ್ಲ; ಆ ಹತ್ತು ಪುಸ್ತಕಗಳ ತಾರೀಖು ಮಾತ್ರ ಹಾಗೇ ಉಳಿಯಿತು.

ಮೊನ್ನೆ ಆಫೀಸಿಗೆ ಹೊಸ ಸರ್ವರ್ ಬಂತು, ಅದಕ್ಕೇ ಡ್ರಾಯರು ಖಾಲಿ ಮಾಡಿದ್ದು. ಹಳೆಯದನ್ನು ಒಯ್ಯಲು ಬೋರೇಗೌಡರು ಬಂದಿದ್ದರು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಬೇಕಾಗಬಹುದೆಂದು ಮುಚ್ಚಳ ಕೊಡಹೋದೆ. "ಯಾಕೆ? ನಾನ್ ಜತೆ ಒಡೆಯಾಕಿಲ್ಲ," ಎಂದು, ಸರ್ವರನ್ನು ಹಾಗೇ ಇಡಿಯಾಗಿ ಹೊತ್ತು ಆಟೋಗೆ ಏರಿಸಿದರು. ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು.

ಹೊಸ ಯಂತ್ರ ಬಲು ಶಿಸ್ತಿನದು, ತಂತಿಯ ಮೂಲಕ ಲೋಕದ ಜೊತೆ ಸದಾ ಮಾತಿನಲ್ಲಿರುತ್ತದೆ. ಹಳೆಯ ಪುಸ್ತಕಗಳನ್ನೆಲ್ಲ ನುಂಗಿಕೊಂಡು, ಹತ್ತನ್ನು ಮಾತ್ರ ಕೆಂಪಾಗಿಸಿ ಮುಂದಿಟ್ಟಿತು. ತಾರೀಖು ಹೊಂದುತ್ತಿಲ್ಲ, ತಿದ್ದಬೇಕೇ, ಹಾಗೇ ಇರಬೇಕೇ? ಈ ಸಲ ಮೂರು ಬಾರಿ ಓದಿದೆ. ಓದಿ, ನಾಗರತ್ನನಿಗೆ ಫೋನು ಮಾಡಿದೆ. ಈಗ ಅವಳು ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಡಂ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ತಿದ್ದಿಬಿಡಲೇನಮ್ಮ? ಒಂದೇ ಗುಂಡಿ. ಇಷ್ಟು ವರ್ಷದ ತಪ್ಪು."

"ಬೇಡ ಸಾರ್." ಮಕ್ಕಳಿಗೆ ಏನೋ ಗದರಿ ಮತ್ತೆ ಫೋನಿಗೆ ಬಂದಳು. "ಅವಳು ಹೇಳೋ ವರ್ಷದಲ್ಲಿ ನಾನು ಎರಡ್ನೇ ಕ್ಲಾಸು. ಎಲ್ರಿಗೂ ಪುಸ್ತಕ ಹಂಚ್ತಾ ಬಂದು, ಟೀಚರ್ ನನ್ ಹತ್ರ ನಿಂತ್ಬುಟ್ಟು, 'ನಿನ್ಗೆ ಯಾಕಮ್ಮ' ಅಂದ್ಬುಟ್ಟು ಮುಂದಕ್ಕೆ ಹೋಗ್ಬುಟ್ರು. ನೀವು ಮಾಡ್ಕೊಟ್ಟಿದ್ದು ಮೊದಲ್ನೇ ಸಲ ಕೇಳ್ದಾಗ, ಆ ವರ್ಷಾನೇ ರೆಡಿ ಆಗಿತ್ತು ಅಂತ ಅವಳು ಅಂದ್ಲಲ್ಲ... ಸುಳ್ಳು ಅಂತ ಗೊತ್ತು ಸಾರ್. ಆದ್ರೂ ಇರ್ಲಿ ಬುಡಿ."

ಫೋನಿಟ್ಟೆ. ಆಮೇಲೆ, ಹಾಗೇ ಇರಲಿ ಎಂಬ ಗುಂಡಿಯನ್ನು ಒತ್ತಿದೆ. ಮುಚ್ಚಳದ ಸುತ್ತಲಿನ ಹಾಳೆ ಬಿಡಿಸಿ ಮೇಜಿನ ಮೇಲೆ ನೀವಿದೆ. ಎಲ್ಲ ಸಾಲುಗಳ ಮೇಲೂ ಗೆರೆ. ಕೆಳಗೆ, ಒಂದೇ ಒಂದು ಸಾಲಿಗೆ ಆಗುವಷ್ಟು ಜಾಗ ಉಳಿದಿತ್ತು. ಪೆನ್ನು ತೆಗೆದು ಬರೆದೆ; ಹೊಡೆದುಹಾಕಲಿಲ್ಲ.

ಗಡಿಯಾರ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಬಹುದು.